ಮುಯ್ಯಿಗಾಗಿ ಒಂದು ಒಸಗೆ

ನಮ್ಮವ್ವ ಕಷ್ಟಕಾಲಕ್ಕೆಂದು ದುಡ್ಡು ಕೂಡಿಡುತ್ತಿದ್ದಳು. ಆದರೆ ಅದನ್ನು ಇಡುತ್ತಿದ್ದದ್ದು ನಮ್ಮ ಮನೆಯಲ್ಲಲ್ಲ, ಊರವರ ಮನೆಗಳಲ್ಲಿ.

ಹೇಗೆ ಅಂದರೆ, ಗುಬ್ಬಿಯಲ್ಲಿ ಯಾರ ಮನೆ ಮುಂದೆ ಚಪ್ಪರ ಎದ್ದರೂ ಅವ್ವ ಅಲ್ಲಿ ಹಾಜರು. ಮದುವೆಯಿರಲಿ, ನಾಮಕರಣವಿರಲಿ, ಹುಡುಗಿ ಮೈನೆರೆದಾಗ ಮಾಡುವ ಒಸಗೆಯಿರಲಿ, ಸೆರಗಿನ ಗಂಟು ಬಿಚ್ಚಿ ಎಂಟಾಣೆಯೋ ಒಂದು ರೂಪಾಯಿಯೋ ಮುಯ್ಯಿ ಹಾಕಿ ಬರುತ್ತಿದ್ದಳು. ಇವತ್ತು ನಿಮ್ಮ ಮನೆ ಕಾರ್ಯಕ್ಕೆ ನಾನು ಹಾಕಿದ್ದನ್ನು ನಾಳೆ ನಮ್ಮ ಮನೆ ಕಾರ್ಯಕ್ಕೆ ನೀವು ಹಾಕಬೇಕು, ಮೇಲೆ ನಾಲ್ಕಾಣೆ ಸೇರಿಸಿದರೆ ಮರ್ಯಾದೆ. ಇದೇ ಮುಯ್ಯಿ. ಅವ್ವನ ತವರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆ. ಅಲ್ಲಿ ಕಾರ್ಯವಾದರೆ ಬಸ್ ಚಾರ್ಜು ಸಾಲ ಮಾಡಿಯಾದರೂ ಹೋಗಿ ಹಾಕಿ ಬರುತ್ತಿದ್ದಳು. ಅವಳಿಗೆ ಓದು ಬರಹ ಗೊತ್ತಿಲ್ಲ. ಆದರೆ ರಾಗಿ ಬೀಸಲು ಕೂತರೆ ಯಾರ ಮನೆಗೆ, ಯಾವ ಕಾರ್ಯಕ್ಕೆ, ಎಷ್ಟು ಹಾಕಿದ್ದಾಳೆ ಎಂದು ಒಂದೂ ತಪ್ಪಿಲ್ಲದೆ ಗುನುಗುತ್ತಿದ್ದಳು. ಬೇರೆ ಮಕ್ಕಳು ಬೀಸುವ ಪದ ಕೇಳಿ ಬೆಳೆದರು, ನಾನು ಮುಯ್ಯಿ ಕೇಳಿಕೊಂಡು ಬೆಳೆದೆ.

ಅಪ್ಪ ಜಟಕಾ ಹೊಡೆಯುತ್ತಿದ್ದ. ಗುಬ್ಬಿ ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ, ಪೇಟೆಯಿಂದ ಸ್ಟೇಷನ್ನಿಗೆ. ಕುದುರೆಗೆ, ಗಾಡಿಗೆ ಎಂದು ಕೊಬ್ಬರಿ ಮಂಡಿಯ ಸಾಹುಕಾರನ ಹತ್ತಿರ ಮುನ್ನೂರು ರೂಪಾಯಿ ಸಾಲ ಎತ್ತಿದ್ದ. ಬಡ್ಡಿ ಸೇರಿಸಿ ಪ್ರತಿ ಸಂತೆ ದಿನ ಕಟ್ಟಬೇಕು, ಎರಡು ಸಂತೆ ಮೇಲಿಂದ ಮೇಲೆ ತಪ್ಪಿದರೆ ಗಾಡಿ ಸಾಹುಕಾರನದು. ಇದು ಬಾಯಿಮಾತಿನ ಕರಾರು, ಆದರೆ ಊರಿಗೆಲ್ಲ ಗೊತ್ತಿದ್ದ ಕರಾರು. ಅಪ್ಪನಿಗೆ ಸಾಲ ಅಂದರೆ ಮೈಮೇಲೆ ಚೇಳು ಹರಿದ ಹಾಗೆ. ಕುದುರೆಗೆ ಹುಲ್ಲು ಹುರುಳಿ, ಮನೆಗೆ ರಾಗಿ, ಅಷ್ಟು ಬಿಟ್ಟು ಉಳಿದ ಕಾಸನ್ನೆಲ್ಲ ತೆಗೆದುಕೊಂಡು ಹೋಗಿ ಮಂಡಿಯಲ್ಲಿ ಸುರಿದು ಬರುತ್ತಿದ್ದ.

"ಒಂದ್ ಹತ್ತು ರೂಪಾಯಿನಾದ್ರೂ ಕೈಯಾಗೆ ಮಡೀಕಳಿ. ನಾಳೆ ಗಾಡಿ ಅಚ್ಚು ಮುರೀತು ಅನ್ನಿ, ಏನ್ ಮಾಡ್ತೀರಿ?" ಎಂದು ಅವ್ವ ಕೇಳುತ್ತಿದ್ದಳು.

"ನಿನ್ ಬಾಯಾಗೆ ಒಳ್ಳೇದು ಬರಾಕಿಲ್ವಾ? ಮೊದ್ಲು ಸಾಲ ತೀರ್ಲಿ. ಸಾಲ ಮಡೀಕಂಡು ಮನೇಲಿ ದುಡ್ಡು ಬಚ್ಚಿಡೋನು ಕಳ್ಳ."

ಒಂದು ಸಲ ಅವ್ವ ರಾಗಿ ಗುಡಾಣದ ತಳದಲ್ಲಿ ಹದಿನೆಂಟು ರೂಪಾಯಿ ಹೂತಿಟ್ಟಿದ್ದಳು. ಎಷ್ಟು ತಿಂಗಳಿನದೋ ಏನೋ. ಅಪ್ಪನ ಕೈಗೆ ಅದು ಸಿಕ್ಕಿತು. ಬೈಯಲಿಲ್ಲ, ಹೊಡೆಯಲಿಲ್ಲ. ಸೀದಾ ಮಂಡಿಗೆ ಹೋಗಿ ಕಟ್ಟಿ, ಬರುವಾಗ ನಮಗೆ ಎರಡಾಣೆಯ ಕಡಲೆಪುರಿ ತಂದ. ಅಷ್ಟು ಖುಷಿ ಅವನಿಗೆ! ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಆಮೇಲೆ ಅವಳು ಮನೆಯಲ್ಲಿ ಒಂದು ಕಾಸೂ ಇಡಲಿಲ್ಲ. ಸೊಪ್ಪು ಮಾರಿ, ಬೆರಣಿ ಮಾರಿ ಬಂದದ್ದನ್ನೆಲ್ಲ ಮುಯ್ಯಿಗೆ ಹಾಕತೊಡಗಿದಳು. "ಮನೇಲಿಟ್ರೆ ನಿಮ್ಮಪ್ಪನ ಕೈಗೆ ಸಿಗ್ತದೆ. ನಾಲ್ಕು ಮನೇಲಿಟ್ರೆ ಯಾರ ಕೈಗೂ ಸಿಗಾಕಿಲ್ಲ" ಎಂದು ನನ್ನ ಮುಂದೆ ಹೇಳಿದ್ದಳು. ಅವಳ ಕೈಗೂ ಸಿಗುವುದಿಲ್ಲ ಅನ್ನುವುದು ಅವಳ ಬುದ್ಧಿಗೆ ಹೊಳೆಯಲಿಲ್ಲ, ನನ್ನ ಬುದ್ಧಿಗೂ ಹೊಳೆಯಲಿಲ್ಲ.

ಆಗ ನನಗೆ ಹನ್ನೆರಡು ತುಂಬಿ ಹದಿಮೂರು. ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಕೊನೆಯ ವರ್ಷ. ನಾಲ್ಕು ತಿಂಗಳು ಕಳೆದರೆ ದೊಡ್ಡ ಪರೀಕ್ಷೆ. ಅಷ್ಟು ಪಾಸಾದರೆ ಆ ಕಾಲದಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬಹುದಿತ್ತು. ನಮ್ಮ ಶಾಲೆಗೆ ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಒಬ್ಬ ಟೀಚರಮ್ಮ ಬರುತ್ತಿದ್ದರು. ಕೈಯಲ್ಲೊಂದು ಛತ್ರಿ, ಎಡಗೈಯಲ್ಲಿ ಸಣ್ಣ ಕೈಗಡಿಯಾರ. ಒಂದು ಹೆಣ್ಣು ತನ್ನ ದುಡ್ಡಿನಲ್ಲಿ ತಾನೇ ಟಿಕೆಟ್ ತಗೊಂಡು ರೈಲು ಹತ್ತುವುದನ್ನು ನಾನು ಮೊದಲು ನೋಡಿದ್ದು ಅವರಲ್ಲಿಯೇ. ಅಪ್ಪನ ಜಟಕಾದಲ್ಲೇ ಅವರು ಶಾಲೆಗೆ ಬರುತ್ತಿದ್ದದ್ದು. ಒಂದು ದಿನ ಅಪ್ಪನಿಗೆ, "ನಿಮ್ಮ ಮಗಳನ್ನ ನಿಲ್ಲಿಸಬೇಡಿ. ತುಮಕೂರಿನಲ್ಲಿ ಟ್ರೈನಿಂಗಿಗೆ ಸೇರಿಸೋದು ನನ್ನ ಜವಾಬ್ದಾರಿ. ಅಲ್ಲಿ ಓದೋವಾಗಲೇ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡ್ತಾರೆ" ಎಂದರಂತೆ. ಅಪ್ಪ ಅದನ್ನು ಮನೆಗೆ ಬಂದು ಮೂರು ಸಲ ಹೇಳಿದ. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಎಡಗೈಗೆ ಬಾಳೆನಾರು ಸುತ್ತಿಕೊಂಡು ಗಂಟೆ ನೋಡುವವಳ ಹಾಗೆ ಆಡುತ್ತಿದ್ದೆ. ನಗಬೇಡಿ, ಅಷ್ಟು ಆಸೆ ಇತ್ತು.

ಮುನ್ನೂರರ ಸಾಲ ಇಳಿದು ಇಳಿದು ನಲವತ್ತಕ್ಕೆ ಬಂದಿತ್ತು. ಅಪ್ಪ ಹುರುಪಿನಲ್ಲಿದ್ದ. ಯುಗಾದಿ ಹೊತ್ತಿಗೆ ಸಾಲ ಚುಕ್ತಾ ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಸ್ಟೇಷನ್ನಿನಿಂದ ಬರುವ ಇಳಿಜಾರಿನಲ್ಲಿ ಕುದುರೆ ಮುಗ್ಗರಿಸಿ ಬಿತ್ತು. ಮುಂಗಾಲು ಮುರಿಯಿತು. ದನದ ಡಾಕ್ಟರು ಬಂದು ನೋಡಿ ತಲೆಯಾಡಿಸಿದರು. ಮಧ್ಯಾಹ್ನಕ್ಕೆಲ್ಲ ಅದನ್ನು ಕೊಲ್ಲಬೇಕಾಯಿತು. ಅಪ್ಪ ಗಾಡಿಯ ಮೂಕಿ ಹಿಡಿದುಕೊಂಡು ತಾನೇ ಎಳೆದುಕೊಂಡು ಮನೆಗೆ ಬಂದ. ಅವನು ಅತ್ತದ್ದನ್ನು ನೋಡಿದ್ದು ಅವತ್ತೇ ಮೊದಲು.

ಅಪ್ಪನ ಜೊತೆಗೆ ಸ್ಟೇಷನ್ನಿನಲ್ಲಿ ಜಟಕಾ ನಿಲ್ಲಿಸುತ್ತಿದ್ದ ಸಾಬರೊಬ್ಬರು ಸಂಜೆ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಬಾಗಿಲಲ್ಲೇ ನಿಂತು, "ಹಿಂಗೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಆಗುತ್ತೇನಣ್ಣ? ಕುಣಿಗಲ್ನಾಗೆ ನಂಗೊತ್ತಿರೋರ ಹತ್ರ ಒಂದ್ ಕುದ್ರೆ ಐತೆ. ನೂರೈವತ್ತಕ್ಕೆ ಕೊಡ್ತಾರೆ. ಹದಿನೈದು ದಿನ ನಿಲ್ಸಿರಿ ಅಂತ ನಾನ್ ಹೇಳ್ತೀನಿ. ದುಡ್ಡು ಹೊಂದಿಸ್ಕೋ" ಎಂದರು.

ಎಲ್ಲಿಂದ ಹೊಂದಿಸುವುದು? ಸಾಹುಕಾರ ಹಳೇ ಸಾಲ ತೀರುವತನಕ ಹೊಸದು ಕೊಡುವುದಿಲ್ಲ ಎಂದುಬಿಟ್ಟ. ನಾಲ್ಕು ವರ್ಷದಿಂದ ಒಂದು ಸಂತೆಯೂ ತಪ್ಪದೆ ಕಟ್ಟಿದವನಿಗೆ ಹೇಳಿದ ಮಾತು ಅದು! ಹಾಳಾದವನು, "ಎರಡು ಸಂತೆ ಲೆಕ್ಕ ನೆನಪೈತಲ್ಲ?" ಎಂದು ಬೇರೆ ಕೇಳಿದನಂತೆ. ಮನೆಯಲ್ಲಿ ಅಪ್ಪನ ಚಡ್ಡಿ ಜೇಬಿನಲ್ಲಿದ್ದದ್ದು ಮೂರು ರೂಪಾಯಿ ಚಿಲ್ಲರೆ.

ಆಗ ಅವ್ವ ಎದ್ದಳು. ಅವಳ ಮುಖದಲ್ಲಿ ಒಂದು ರೀತಿಯ ಗೆಲುವೇ ಇತ್ತು ಎಂದರೆ ತಪ್ಪಲ್ಲ. "ನಾನು ಇಟ್ಟಿದೀನಿ, ಇಸ್ಕಂಡು ಬತ್ತೀನಿ" ಎಂದು ಸೀರೆ ಬದಲಾಯಿಸಿ, ನನ್ನನ್ನೂ ಕರೆದುಕೊಂಡು ಹೊರಟಳು.

ಮೊದಲು ಹೋದದ್ದು ಗಾಣದವರ ಮನೆಗೆ. ಆ ಮನೆಯ ಮದುವೆಗೆ ಅವ್ವ ಎರಡು ರೂಪಾಯಿ ಹಾಕಿದ್ದಳು. ಮನೆಯಾಕೆ ಚಾಪೆ ಹಾಕಿ ಕೂರಿಸಿ, ಎಲೆ ಅಡಿಕೆ ಕೊಟ್ಟು, ಎಲ್ಲ ಕೇಳಿಸಿಕೊಂಡು ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ, ಕೊಡಾಕಿಲ್ಲ ಅಂತಿಲ್ಲ ಕಣಕ್ಕ. ನೀನೊಂದು ಕಾರ್ಯ ಮಾಡು, ಎರಡೂವರೆ ಹಾಕ್ತೀನಿ. ಕಾರ್ಯ ಇಲ್ದೆ ಹೆಂಗೆ ವಾಪಸ್ ಕೊಡಾದು? ನನ್ ಮಗಳ ಮದ್ವೇಲಿ ಹಾಕಿದ್ದನ್ನ ನೀನು ಕಿತ್ಕಂಡು ಹೋದಂಗಾಗಾಕಿಲ್ವಾ? ಅವ್ಳು ಬಸುರಿ ಬೇರೆ."

ಅವ್ವ ಎಲೆ ಅಡಿಕೆ ಸೆರಗಿಗೆ ಹಾಕಿಕೊಂಡು ಎದ್ದಳು. ಮುಂದಿನ ಮನೆಯಲ್ಲೂ ಅದೇ ಮಾತು, ಅದರಾಚೆಯ ಮನೆಯಲ್ಲೂ ಅದೇ. ಒಬ್ಬರೂ ಕೆಟ್ಟದಾಗಿ ಆಡಲಿಲ್ಲ. ಎಲ್ಲರೂ ನೀರು ಕೊಟ್ಟರು, ಕುದುರೆಗಾಗಿ ಲೊಚಗುಟ್ಟಿದರು, ಕಾರ್ಯ ಮಾಡಿದರೆ ಮನೆಮಂದಿಯೆಲ್ಲ ಬಂದು ಹಾಕುತ್ತೇವೆ ಎಂದರು. ಒಬ್ಬ ಮುದುಕಿ ಮಾತ್ರ, "ಕೇಳಿ ಇಸ್ಕಳಾದು ಮುಯ್ಯಿ ಅಲ್ಲ ಕಣವ್ವ, ಅದು ತಿರುಪೆ" ಎಂದಳು. ಅವಳು ಹೇಳಿದ್ದು ಸರಿಯೇ ಎಂದು ಅವ್ವನಿಗೂ ಗೊತ್ತಿತ್ತು. ಅವಳ ಹತ್ತಿರ ಯಾರಾದರೂ ಹಾಗೆ ಕೇಳಿಕೊಂಡು ಬಂದಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು.

ಕಾರ್ಯ ಮಾಡೋಣವೆಂದರೆ ಯಾವ ಕಾರ್ಯ? ಮನೆ ಬಾಡಿಗೆಯದು, ಗೃಹಪ್ರವೇಶವಿಲ್ಲ. ಮನೆಯಲ್ಲಿದ್ದದ್ದು ನಾನು, ನಾಲ್ಕು ವರ್ಷದ ನನ್ನ ತಂಗಿ. ಅವಳ ಕಿವಿ ಚುಚ್ಚಿಸಿ ಎರಡು ವರ್ಷವಾಗಿತ್ತು. ಮದುವೆ ಎಂದರೆ ಹದಿನೈದು ದಿನದಲ್ಲಿ ಆಗುವ ಮಾತಲ್ಲ. ವಾಪಸು ಬರುವಾಗ ಅವ್ವ ಮುಂದೆ ಮುಂದೆ ನಡೆದಳು. ಹುಣಸೆ ಮರದ ಹತ್ತಿರ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಸಂತೆಯಲ್ಲಿ ಕುಂಬಳಕಾಯಿ ನೋಡುವವರು ಹಾಗೆ ನೋಡುತ್ತಾರೆ. ನನಗೆ ಯಾಕೋ ಭಯವಾಯಿತು.

ಮಾರನೆಯ ದಿನ ಶಾಲೆಗೆ ಹೊರಟಿದ್ದೆ. ಅವ್ವ ಚೀಲ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸಿದಳು.

"ನೀನು ದೊಡ್ಡೋಳಾಗಿದೀಯ" ಎಂದಳು.

"ಇಲ್ಲ ಕಣವ್ವ. ನಂಗೇನೂ ಆಗಿಲ್ಲ."

"ಆಗೈತೆ ಅಂದ್ರೆ ಆಗೈತೆ. ಬಾಯ್ ಮುಚ್ಕಂಡು ಕೂತ್ಕ."

ನನಗೆ ಅಷ್ಟೊತ್ತಿಗೆ ಅರ್ಥವಾಗಿತ್ತು. ಮೈನೆರೆದ ಹುಡುಗಿಯರು ಏನಾಗುತ್ತಾರೆ ಎಂದು ನೋಡಿದ್ದೆನಲ್ಲ. ನಮ್ಮ ಕ್ಲಾಸಿನಲ್ಲಿ ಹನ್ನೊಂದು ಹುಡುಗಿಯರಿದ್ದವರು ನಾಲ್ಕಕ್ಕೆ ಇಳಿದಿದ್ದರು. ಒಸಗೆ ಊಟ ಉಂಡು ಹೋದವರು ತಿರುಗಿ ಬಂದಿರಲಿಲ್ಲ. "ನನ್ ಪರೀಕ್ಷೆ?" ಎಂದು ಅತ್ತೆ. ಅವ್ವ ನನ್ನ ಕೈ ಹಿಡಿದುಕೊಂಡಳು.

"ಒಂದ್ ಹದಿನೈದು ದಿನ ಕಣೇ. ಆಮೇಲೆ ಇಸ್ಕೂಲಿಗೆ ಹೋಗೀವಂತೆ. ಯಾರ್ ಏನೇ ಅಂದ್ರೂ ನಾನೇ ಕಳಿಸ್ತೀನಿ. ನಿನ್ ತಲೆ ಮ್ಯಾಲೆ ಕೈಯಿಟ್ಟು ಹೇಳ್ತಿದೀನಿ ನೋಡು."

ನಿಜವಾಗಿಯೂ ನನ್ನ ತಲೆಯ ಮೇಲೆ ಕೈ ಇಟ್ಟಳು. ನಾನು ನಂಬಿದೆ.

ಸುದ್ದಿ ಹೋಯಿತು. ಹುತ್ರಿದುರ್ಗದ ಕಡೆಯಿಂದ ಸೋದರಮಾವ, ಎಂದರೆ ಅವ್ವನ ತಮ್ಮ, ಹಸಿ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದ. ಮೈನೆರೆದವಳು ಹೊರಗೆ ಕೂರಲು ಸೊಪ್ಪಿನ ಗುಡ್ಲು ಹಾಕುವುದು ಸೋದರಮಾವನ ಹಕ್ಕು. ಹಿತ್ತಿಲಲ್ಲಿ ಗುಡ್ಲು ಎದ್ದಿತು, ನಾನು ಅದರೊಳಗೆ ಹೋದೆ. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿ ತಂದು ತಂದು ತಿನ್ನಿಸಿದರು. ಅಪ್ಪನಿಗೆ ಕುದುರೆಯಿಲ್ಲ, ಮನೆಯಲ್ಲಿ ರಾಗಿ ಮುಗಿಯುತ್ತಾ ಬಂದಿದೆ, ನಾನು ಮಾತ್ರ ತುಪ್ಪ ಜಗಿಯುತ್ತಾ ಕೂತಿದ್ದೇನೆ! ಅಗಸರ ಅಜ್ಜಿಗೆ ಮಾತ್ರ ಮೊದಲನೇ ದಿನವೇ ಗೊತ್ತಾಗಿಹೋಯಿತು. ಮೈನೆರೆದವಳ ಬಟ್ಟೆ ಒಗೆಯುವವಳ ಕಣ್ಣಿಗೆ ಮಣ್ಣೆರಚುವುದು ಹೇಗೆ? ಅವಳು ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೊಡಬೇಕಾದ್ದಕ್ಕಿಂತ ಎರಡು ಸೇರು ಅಕ್ಕಿ ಹೆಚ್ಚಿಗೆ ಮಡಿಲಿಗೆ ಹಾಕಿಸಿಕೊಂಡು ಸುಮ್ಮನೆ ಹೋದಳು.

ಹನ್ನೊಂದನೇ ದಿನ ಒಸಗೆ. ಗುಬ್ಬಿಯ ಅಷ್ಟೂ ಮನೆಯವರು ಬಂದರು. ಕುಣಿಗಲ್ ಕಡೆಯವರು ಎರಡು ಗಾಡಿ ತುಂಬ ಬಂದರು. ಸೀರೆ ಉಡಿಸಿ ಹಸೆಯ ಮೇಲೆ ಕೂರಿಸಿದರು, ಜೀವನದಲ್ಲಿ ನಾನು ಮೊದಲ ಸಲ ಉಟ್ಟ ಸೀರೆ ಅದು. ಆರತಿ ತಟ್ಟೆಗೆ ಒಬ್ಬೊಬ್ಬರೂ ಮುಯ್ಯಿ ಹಾಕುವಾಗ ದೊಡ್ಡಮ್ಮನೊಬ್ಬಳು ಕೂಗಿ ಹೇಳುತ್ತಿದ್ದಳು: ಗಾಣದವರ ಮನೆಯಿಂದ ಎರಡೂವರೆ, ಬಳೆಗಾರರ ಮನೆಯಿಂದ ಒಂದೂಕಾಲು. ಅವ್ವ ಕಂಬಕ್ಕೆ ಒರಗಿ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಒಂದೇ ಒಂದು ಮನೆಯೂ ತಪ್ಪಲಿಲ್ಲ. ತಿರುಪೆ ಅಂದಿದ್ದ ಮುದುಕಿಯೂ ಬಂದು ಹಾಕಿ, ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಸೋದರಮಾವ ಎಲ್ಲರಿಗಿಂತ ಹೆಚ್ಚಾಗಿ ಮೂವತ್ತು ರೂಪಾಯಿ ಹಾಕಿದ. ಒಟ್ಟು ಇನ್ನೂರ ಇಪ್ಪತ್ತರ ಮೇಲೆ ಬಂತು. ಅಪ್ಪ ಆ ತಟ್ಟೆಯನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವ್ವನನ್ನು ಅವನು ಹಾಗೆ ಮೆಚ್ಚಿ ನೋಡಿದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಸಾಬರು, ಅಪ್ಪ ಕುಣಿಗಲಿಗೆ ಹೋಗಿ ಕುದುರೆ ತಂದರು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ. ಸಾಹುಕಾರನ ನಲವತ್ತೂ ಅದೇ ಸಂತೆಯಲ್ಲಿ ಚುಕ್ತಾ ಆಯಿತು. ಅಪ್ಪ ಸಾಲದಿಂದ ಹೊರಗೆ ಬಂದ. ಊರವರೆಲ್ಲ ಹೊಗಳಿದರು. ಎಲ್ಲರಿಗೂ ಎಲ್ಲ ಸರಿಹೋಯಿತು.

ಹದಿನಾರನೇ ದಿನ ನಾನು ಲಂಗ ಹಾಕಿಕೊಂಡು ಚೀಲ ಹುಡುಕಿದೆ. ಚೀಲ ಅಟ್ಟದ ಮೇಲಿತ್ತು. ಸೋದರಮಾವ ಜಗುಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಅವನಿನ್ನೂ ಊರಿಗೆ ಹೋಗಿರಲಿಲ್ಲ. "ಎಲ್ಲಿಗೆ ಇವ್ಳು?" ಎಂದು ಅವ್ವನನ್ನು ಕೇಳಿದ. ಇಸ್ಕೂಲಿಗೆ ಎಂದಳು ಅವ್ವ, ದನಿ ಹೊರಗೆ ಬಂತೋ ಇಲ್ಲವೋ.

"ತಲೆ ಕೆಟ್ಟೈತಾ ಅಕ್ಕ ನಿಂಗೆ? ಮೈನೆರೆದ ಹುಡ್ಗಿ ಗಂಡು ಮೇಷ್ಟ್ರ ಮುಂದೆ ಹೋಗಿ ಕೂರಾದು ಯಾವೂರ ಮರ್ವಾದೆ? ನಾನು ಮೂವತ್ತು ರೂಪಾಯಿ ಯಾಕ್ ಹಾಕ್ದೆ ಅನ್ಕಂಡಿದೀಯ? ಇವ್ಳು ನನ್ ಮಗನಿಗೆ ಅಂತ ಮನಸ್ನಾಗೆ ಮಡೀಕಂಡು ಹಾಕಿರಾದು."

ನಾನು ಅವ್ವನನ್ನು ನೋಡಿದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದ್ದಳಲ್ಲ, ಈಗ ಹೇಳಬೇಕಿತ್ತು. ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ನಾನು ಹಿಂದೆಯೇ ಹೋದೆ.

"ನಾನು ಎಲ್ಲಾರ್ಗೂ ಹೇಳ್ತೀನಿ, ಸುಳ್ಳು ಅಂತ" ಎಂದೆ.

"ಹೇಳು" ಎಂದಳು ಅವ್ವ. "ಹಾಕ್ದೋರೆಲ್ಲ ಬಂದು ಬಾಗಿಲಾಗೆ ನಿಂತು ಉಗುದು ವಾಪಸ್ ಕೇಳ್ತಾರೆ. ಕುದ್ರೆ ಬಿಚ್ಚಿ ಕೊಡಾಣ. ಆಮೇಲೆ ನಾವು ನಾಲ್ಕು ಜನ ಯಾವ್ ಕೆರೆ ನೋಡ್ಕಳಾದು ಅಂತ ನೀನೇ ಹೇಳು, ಓದಿರೋಳು."

ಮೂರನೇ ದಿನ ಟೀಚರಮ್ಮ ರೈಲಿಗೆ ಹೋಗುವ ದಾರಿಯಲ್ಲಿ ಮನೆಗೇ ಬಂದರು. ಪರೀಕ್ಷೆ ಒಂದು ಬರೆಯಲಿ, ಮೂರು ದಿನದ ಮಾತು, ನಾನೇ ಕರೆದುಕೊಂಡು ಹೋಗಿ ಕರೆತಂದು ಬಿಡುತ್ತೇನೆ ಎಂದು ಕೇಳಿಕೊಂಡರು. ಅವ್ವ ತಲೆ ತಗ್ಗಿಸಿಕೊಂಡು, "ನಮ್ಮಲ್ಲಿ ಆಗಾಕಿಲ್ಲ ಕಣ್ರವ್ವ" ಎಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಟೀಚರಮ್ಮ ಗಡಿಯಾರ ನೋಡಿಕೊಂಡು, ರೈಲಿಗೆ ಹೊತ್ತಾಯಿತೆಂದು ಹೊರಟುಹೋದರು.

ಉಳಿದವನು ಅಪ್ಪ. ಅಪ್ಪನಿಗೆ ಗೊತ್ತಿಲ್ಲ, ಅದಕ್ಕೇ ಸುಮ್ಮನಿದ್ದಾನೆ ಎಂದು ನಾನು ಲೆಕ್ಕ ಹಾಕಿದ್ದೆ. ಗೊತ್ತಾದರೆ ಅವನೇ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಾನೆ. ಟ್ರೈನಿಂಗಿನ ವಿಷಯ ಮೂರು ಸಲ ಹೇಳಿದವನಲ್ಲವೇ ಅವನು? ಮಧ್ಯಾಹ್ನ ಹಿತ್ತಿಲಲ್ಲಿ ಹೊಸ ಕುದುರೆಗೆ ಮೈ ತಿಕ್ಕುತ್ತಿದ್ದ. ಗುಡ್ಲಿನ ಸೊಪ್ಪು ಒಣಗಿ ಪಕ್ಕದಲ್ಲೇ ಬಿದ್ದಿತ್ತು. ಹೆಣ್ಣುಮಕ್ಕಳು ಅಪ್ಪನ ಹತ್ತಿರ ಆಡುವ ಮಾತಲ್ಲ ಅದು. ಆದರೂ ಹೋಗಿ ನಿಂತು, ನೆಲ ನೋಡಿಕೊಂಡು ಹೇಳಿದೆ.

"ಅಪ್ಪ, ನಾನಿನ್ನೂ ದೊಡ್ಡೋಳಾಗಿಲ್ಲ. ಅವ್ವ ಸುಳ್ಳು ಹೇಳಿರಾದು."

ತಿಕ್ಕುತ್ತಿದ್ದ ಕೈ ನಿಂತಿತು. ಅವನು ನನ್ನ ಕಡೆ ತಿರುಗಲಿಲ್ಲ.

"ಗೊತ್ತು ಕಣವ್ವ" ಎಂದ.

ಆಮೇಲೆ ಮತ್ತೆ ತಿಕ್ಕತೊಡಗಿದ. ನಾನು ಇನ್ನೇನಾದರೂ ಹೇಳಿಯಾನು ಎಂದು ಬಹಳ ಹೊತ್ತು ನಿಂತೆ. ಅವನು ಕುದುರೆಯ ಕಾಲು ಒಂದೊಂದನ್ನೇ ಎತ್ತಿ ಲಾಳ ನೋಡಿದ. ನಾನು ಒಳಗೆ ಬಂದೆ. ಅವ್ವನ ಮೇಲೆ ನನಗಿದ್ದ ಸಿಟ್ಟು ದೊಡ್ಡದು, ಆದರೆ ಅವಳು ಕಡೇಪಕ್ಷ ನನಗೆ ಎದುರಿಗೇ ನಿಂತು ಸುಳ್ಳು ಹೇಳಿದ್ದಳು. ಅಪ್ಪನನ್ನು ನಾನು ಕ್ಷಮಿಸಿಲ್ಲ. ಅವನು ಸತ್ತು ಇಷ್ಟು ವರ್ಷವಾದರೂ ಇಲ್ಲ.

ಒಂದು ವರ್ಷ ಕಳೆದ ಮೇಲೆ ನಿಜವಾಗಿಯೂ ಆಯಿತು. ಹೆದರಿ ಅವ್ವನಿಗೆ ಹೇಳಿದರೆ ಅವಳು ನನ್ನ ಬಾಯಿ ಮುಚ್ಚಿ, ಹಳೇ ಬಟ್ಟೆ ಹರಿದು ಕೊಟ್ಟು, "ಯಾರ್ಗೂ ಗೊತ್ತಾಗಬಾರ್ದು" ಎಂದಳು. ಗುಡ್ಲಿಲ್ಲ, ಆರತಿಯಿಲ್ಲ, ಒಂದು ಚೂರು ಬೆಲ್ಲವೂ ಇಲ್ಲ. ಹೊಟ್ಟೆ ನೋವೆಂದರೆ ನೀರು ಹೊರಲು ಕಳಿಸಿದಳು. ಅದೂ ಮುಗಿಯಿತು. ಹದಿನೈದಕ್ಕೆ ಸೋದರಮಾವನ ಮಗನಿಗೆ ಕೊಟ್ಟರು. ಕುಣಿಗಲ್ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದ. ಕೆಟ್ಟವನೇನಲ್ಲ. ಬೀಡಿಯ ಲೆಕ್ಕ ಬರೆದುಕೊಡಲು ನನ್ನನ್ನು ಕೂರಿಸಿಕೊಳ್ಳುತ್ತಿದ್ದ. ಮಗ್ಗಿ ನನಗೆ ಚೆನ್ನಾಗಿ ಬರುತ್ತಿತ್ತು. ನನ್ನ ಓದು ಬಂದದ್ದು ಅಷ್ಟಕ್ಕೇ.

ನನ್ನ ಮದುವೆಗೆ ಬಂದ ಮುಯ್ಯಿ ಊಟದ ಖರ್ಚಿಗೂ ಸಾಲದೆ ಅಪ್ಪ ತಿರುಗಿ ಸಾಲಕ್ಕೆ ಬಿದ್ದ. ಅದೇ ಮಂಡಿ, ಅದೇ ಸಾಹುಕಾರ, ಅದೇ ಕರಾರು. ಅದೇ ಹಠದಲ್ಲಿ ಇದ್ದಬದ್ದದ್ದನ್ನೆಲ್ಲ ಕಟ್ಟತೊಡಗಿದ. ಅವ್ವ ಅದೇ ಹಠದಲ್ಲಿ ಮನೆಮನೆಗೆ ಮುಯ್ಯಿ ಹಾಕತೊಡಗಿದಳು. ಇಬ್ಬರೂ ಏನೂ ಕಲಿಯಲಿಲ್ಲ. ಕಲಿತಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲವೇನೋ. ಅಷ್ಟು ಹೊತ್ತಿಗೆ ಸ್ಟೇಷನ್ನಿನ ಮುಂದೆ ಬಸ್ಸು ನಿಲ್ಲಲು ಶುರುವಾಗಿತ್ತು. ಜಟಕಾ ಹತ್ತುವವರು ಕಡಿಮೆಯಾದರು. ಆದರೂ ಅವ್ವನಿಗೆ ಧೈರ್ಯವಿತ್ತು, ಯಾಕೆಂದರೆ ತಂಗಿ ಬೆಳೆಯುತ್ತಿದ್ದಳು. "ಇವ್ಳ ಒಸಗೆ ಒಂದಾದ್ರೆ ಎಲ್ಲಾ ತೀರ್ತದೆ" ಎಂದು ನನ್ನ ಮುಂದೆಯೇ ಹೇಳುವಳು. ನನ್ನ ಮುಂದೆ ಆ ಮಾತು ಆಡಬಾರದೆಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಅಗಸರ ಅಜ್ಜಿ ಸತ್ತು ಅವಳ ಬಾಯಿಬಡುಕಿ ಸೊಸೆ ಒಗೆಯಲು ಬರುತ್ತಿದ್ದಳು, ಈ ಸಲ ಸುಳ್ಳು ನಡೆಯುವಂತಿರಲಿಲ್ಲ.

ಅರವತ್ತರ ದಶಕ ಆಗ. ನಾನು ಎರಡನೇ ಬಾಣಂತನಕ್ಕೆ ಗುಬ್ಬಿಗೆ ಬಂದಿದ್ದೆ. ತಂಗಿ ನಾನು ಬಿಟ್ಟ ಕ್ಲಾಸಿನಲ್ಲೇ ಇದ್ದಳು, ದೊಡ್ಡ ಪರೀಕ್ಷೆಗೆ ಎಂಟು ದಿನವಿತ್ತು. ಒಂದು ಬೆಳಿಗ್ಗೆ ಹಿತ್ತಿಲಿನಿಂದ ಅಳುತ್ತಾ ಬಂದು, "ಅಕ್ಕ, ನಂಗೇನೋ ಆಗೈತೆ" ಎಂದಳು. ಅವ್ವ ಸೊಪ್ಪು ಮಾರಲು ಹೋಗಿದ್ದಳು. ನಾನು ಬಾಣಂತಿ ಎದ್ದು, ಬಾಗಿಲು ಹಾಕಿ, ಅವಳಿಗೆ ಎಲ್ಲ ಹೇಳಿಕೊಟ್ಟೆ. ಅವಳ ಬಟ್ಟೆಯನ್ನು ನನ್ನ ಬಟ್ಟೆಯ ಜೊತೆ ಸೇರಿಸಿದೆ. ಬಾಣಂತಿಯ ಬಟ್ಟೆಯಲ್ಲಿ ಯಾರೂ ಲೆಕ್ಕ ನೋಡುವುದಿಲ್ಲ.

"ಅವ್ವಂಗೆ ಹೇಳಿದ್ಯೋ, ನಿನ್ ಪರೀಕ್ಷೆ ಹೋಯ್ತು" ಎಂದೆ. "ಯಾರ್ ಕೇಳಿದ್ರೂ ಇಲ್ಲ ಅನ್ನು."

ಅವಳು ಪರೀಕ್ಷೆ ಬರೆದಳು, ಪಾಸಾದಳು. ಊರಿನಲ್ಲೇ ಮುಂದಕ್ಕೆ ಓದಿದರೆ ಅವ್ವನ ಕಣ್ಣಿಗೆ ಬಿದ್ದೇ ಬೀಳುತ್ತಾಳೆಂದು, ತುಮಕೂರಿನಲ್ಲಿ ಬಿಟ್ಟಿ ಹಾಸ್ಟೆಲ್ ಸಿಗುತ್ತದೆ, ಮನೆಯಲ್ಲಿ ಒಂದು ಹೊಟ್ಟೆ ಕಡಿಮೆಯಾಗುತ್ತದೆ ಎಂದು ನಾನೇ ಅಪ್ಪನ ತಲೆ ತಿಂದು ಕಳಿಸಿದೆ.

ಅವಳು ಹಾಸ್ಟೆಲ್ ಸೇರಿದ ವರ್ಷವೇ ಅಪ್ಪನ ಗಾಡಿಯ ಚಕ್ರ ಮುರಿದು, ಅವನ ತೊಡೆಗೆ ಏಟು ಬಿದ್ದು ಎರಡು ತಿಂಗಳು ಮಲಗಿದ. ಒಂದು ಸಂತೆ ತಪ್ಪಿತು. ನಾನು ನೋಡಿಕೊಂಡು ಹೋಗಲು ಬಂದಿದ್ದೆ. ಕಂದು ಕುದುರೆ ಮುದಿಯಾಗಿತ್ತು. ಅಪ್ಪ ಹೊರಸಿನ ಮೇಲಿಂದ ಅದನ್ನೇ ನೋಡುತ್ತಾ, "ಚಿಕ್ಕೋಳ್ದು ಒಸಗೆ ಒಂದಾಗಿದ್ರೆ ಗಾಡಿ ಉಳೀತಿತ್ತು. ಯಾವಾಗಾಯ್ತದೋ" ಎಂದ.

"ನಂಗೇನ್ ಗೊತ್ತಪ್ಪ" ಎಂದೆ.

ಅವನು ನನ್ನ ಮುಖ ನೋಡಿದ. ನಾನು ಮಗುವಿಗೆ ಗಂಜಿ ಕುಡಿಸುತ್ತಾ ಕೂತೆ. ಮುಂದಿನ ಸಂತೆಗೆ ಸಾಹುಕಾರನ ಕಡೆಯವರು ಬಂದು ಗಾಡಿ ತೆಗೆದುಕೊಂಡು ಹೋದರು. ಕುದುರೆಯನ್ನು ಸಾಬರು ಸಿಕ್ಕಿದ ಬೆಲೆಗೆ ಮಾರಿಸಿಕೊಟ್ಟರು. ಅಪ್ಪ ಅದೇ ಮಂಡಿಯಲ್ಲಿ ಮೂಟೆ ಕಾಯುವ ಕೆಲಸಕ್ಕೆ ಸೇರಿದ. ನಾನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅದು ಯಾವುದೂ ಆಗುತ್ತಿರಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ. ತಂಗಿಗೋಸ್ಕರ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಆದರೆ ಗಾಡಿ ಹೋಗುವುದನ್ನು ನೋಡಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು ಅನ್ನುವುದೂ ನಿಜ.

ಅವ್ವ ಇದ್ಯಾವುದೂ ಗೊತ್ತಿಲ್ಲದೆ ಕಾಯುತ್ತಲೇ ಇದ್ದಳು. ತಂಗಿ ರಜಕ್ಕೆ ಬಂದಾಗಲೆಲ್ಲ ಮೆಂತ್ಯ ತಿನ್ನಿಸಿದಳು, ಕಷಾಯ ಕುಡಿಸಿದಳು, ಹರಕೆ ಹೊತ್ತಳು. ಕೊನೆಗೆ ಸೂಲಗಿತ್ತಿಯ ಹತ್ತಿರ ಎಳೆದುಕೊಂಡು ಹೊರಟಾಗ ಅವಳು ತಡೆಯಲಾರದೆ, "ಅವ್ವ, ಅದು ಆಗಿ ಎರಡು ವರ್ಷ ಆಯ್ತು. ಅಕ್ಕಂಗೆ ಗೊತ್ತು" ಎಂದುಬಿಟ್ಟಳು.

ಮಾರನೆಯ ಬೆಳಿಗ್ಗೆಯೇ ಅವ್ವ ಬಸ್ ಹತ್ತಿ ಕುಣಿಗಲಿಗೆ ಬಂದಳು. ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡಲಿಲ್ಲ.

"ಎಷ್ಟ್ ಮನೆ ಮುಯ್ಯಿ ಬರಾದಿತ್ತು ಗೊತ್ತೇನೇ ನಿಂಗೆ? ಒಂಬತ್ತು ವರ್ಷ ಸೊಪ್ಪು ಮಾರಿ ಹಾಕಿದ್ದು. ಎಲ್ಲಾ ಮಣ್ಣುಪಾಲು ಮಾಡ್ಬಿಟ್ಟೆಯಲ್ಲೇ. ಈಗ ಆಯ್ತು ಅನ್ನಾಣ ಅಂದ್ರೆ ಅವ್ಳು ಗುಡ್ಲಾಗೆ ಕೂರಾಕಿಲ್ಲ ಅಂತಾಳೆ, ಎರಡು ವರ್ಷದ ಹಿಂದೆ ಆಯ್ತು ಅಂತ ಯಾರ ಮುಂದೆ ಹೇಳ್ಲಿ? ಗಾಡಿ ಹೋಯ್ತು, ಕುದ್ರೆ ಹೋಯ್ತು, ನಿಮ್ಮಪ್ಪ ಮೂಟೆ ಕಾಯ್ತಾ ಕೂತವ್ನೆ. ನಾಳೆ ಇನ್ನೊಂದು ಕಷ್ಟ ಬಂದ್ರೆ ನಾನೆಲ್ಲಿಗೇ ಹೋಗ್ಲಿ?"

ಬೈದು ಬೈದು ಅವಳಿಗೆ ಏದುಸಿರು ಬಂತು. ನೀರು ಕೊಟ್ಟೆ. ಕುಡಿದಳು. ಅವಳ ಕೂದಲು ಅಷ್ಟು ಬೆಳ್ಳಗಾದದ್ದನ್ನು ಅವತ್ತೇ ನಾನು ನೋಡಿದ್ದು. ಸುಮ್ಮನಿರಬೇಕೆಂದುಕೊಂಡೆ, ಆಗಲಿಲ್ಲ.

"ನಿನ್ ಮುಯ್ಯಿ ಲೆಕ್ಕ ಇರ್ಲಿ ಅವ್ವ. ನನ್ ಓದು ಯಾವ್ ಮನೆಗೆ ಹಾಕ್ದೆ ನೀನು? ಅದನ್ನ ಯಾವಾಗ ವಾಪಸ್ ಇಸ್ಕಂಡು ಬತ್ತೀಯ?"

ಅವ್ವ ಲೋಟದ ತಳದಲ್ಲಿ ಉಳಿದಿದ್ದ ನೀರನ್ನೂ ಕುಡಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಅದೇನ್ ಮುಯ್ಯಿನೇನೇ," ಎಂದಳು, "ವಾಪಸ್ ಬರಾಕೆ?"

ಲೋಟ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ, ವಾಪಸು ಹೋಗುವ ಬಸ್ಸಿಗೆ ಚಿಲ್ಲರೆ ಇದೆಯೋ ಇಲ್ಲವೋ ಎಂದು ನೋಡತೊಡಗಿದಳು.